ದಿಕ್ಸೂಚಿಯ ಪಕ್ಕದಲ್ಲಿ

ಕಳೆದ ಮಾಘಮಾಸದಲ್ಲಿ, ಅಡಿಕೆ ಒಣಗಲು ಹರವಿದ್ದ ನಮ್ಮ ಅಂಗಳದ ಒಂದು ಮೂಲೆಯನ್ನು ನನ್ನ ಮಗಳ ಮಗ ತನ್ನ ವಶಕ್ಕೆ ತೆಗೆದುಕೊಂಡನು. ತೋಟದ ನೀರಾವರಿಗೆಂದು ತಂದು ಉಳಿದಿದ್ದ ಆರಂಗುಲದ ಪಿ.ವಿ.ಸಿ. ಕೊಳವೆಯ ತುಂಡು, ಎರಡು ಪುಟ್ಟ ಮೋಟಾರುಗಳು, ಮೀನುಬಲೆಗೆ ಕಟ್ಟುವ ಸೀಸದ ಗುಂಡುಗಳು, ಒಂದು ಬ್ಯಾಟರಿ, ಮತ್ತು ಅವನ ಇಂಜಿನಿಯರಿಂಗ್ ಕಾಲೇಜಿನ ಸಹಪಾಠಿಯಾದ ಪಯ್ಯನ್ನೂರು ಕಡೆಯ ಒಬ್ಬ ಮಲಯಾಳಿ ಹುಡುಗ—ಇಷ್ಟು ಸಾಮಗ್ರಿಯಿಂದ ಅಲ್ಲಿ ಒಂದು ಜಲಾಂತರ್ಗಾಮಿ ಸಿದ್ಧವಾಗತೊಡಗಿತು. ಉದ್ದ ಮೂರು ಮೊಳ. ಅದರೊಳಗೆ ಬೆಕ್ಕಿನ ಮರಿಗೂ ಜಾಗವಿರಲಿಲ್ಲ. ಆದರೆ ಮುಂದೊಂದು ದಿನ ತಾನೇ ಕುಳಿತು ಮುಳುಗಬಲ್ಲಂಥದ್ದನ್ನು ಕಟ್ಟುವ ಹಂಬಲ ಅವನಿಗಿತ್ತೆಂಬುದು ಗೋಡೆಗೆ ಅಂಟಿಸಿದ್ದ ಚಿತ್ರಗಳಿಂದ ಗೊತ್ತಾಗುತ್ತಿತ್ತು. ನನ್ನ ಮನೆಯಾಕೆ ಅದನ್ನು ನೋಡಿ, “ಅಜ್ಜ ನೀರಿನ ಮೇಲೆ ಹೋಗಿ ಮೂವತ್ತು ವರ್ಷ ಮನೆಯ ಮುಖ ನೋಡಲಿಲ್ಲ, ಪುಳ್ಳಿ ನೀರಿನ ಅಡಿಯಲ್ಲಿ ಹೋಗುತ್ತಾನಂತೆ” ಎಂದಷ್ಟೇ ಹೇಳಿ ಒಳಗೆ ಹೋದಳು.

ಕುಂಬಳೆ ಸೀಮೆಯ ಅಡಿಕೆ ತೋಟದ ಮನೆಯಿಂದ ಹೊರಟು ಸರಕಿನ ಹಡಗುಗಳಲ್ಲಿ ಅಧಿಕಾರಿಯಾಗಿ ದುಡಿದು ಹಿಂತಿರುಗಿದವನು ನಾನು. ಯಂತ್ರಗಳ ವಿಷಯದಲ್ಲಿ ಹುಡುಗರಿಗೆ ನನ್ನ ಸಲಹೆ ಬೇಕಾಗಿರಲಿಲ್ಲ. ಬೇಕಾದರೂ ಕೊಡಲು ನನ್ನಲ್ಲಿ ಏನೂ ಇರಲಿಲ್ಲ. ಆದರೆ ಒಂದು ಸಂಜೆ ಮೊಮ್ಮಗ ಹೆಬ್ಬೆರಳಿನ ಉಗುರಿನಷ್ಟಗಲದ ನೀಲಿ ಫಲಕವೊಂದನ್ನು ನನ್ನ ಅಂಗೈಯ ಮೇಲಿಟ್ಟು, “ಅಜ್ಜ, ಇದು ದಿಕ್ಸೂಚಿ” ಎಂದಾಗ ನನ್ನ ಕಿವಿ ನೆಟ್ಟಗಾಯಿತು. ಸೂಜಿಯಿಲ್ಲ, ತಿರುಗುವ ಬಿಲ್ಲೆಯಿಲ್ಲ, ಪಿತ್ತಳೆಯ ಬೋಗುಣಿಯಿಲ್ಲ. ಮೂವತ್ತು ವರ್ಷ ನಾನು ಪೂಜೆಯ ಸಂಪುಟದಂತೆ ಒರೆಸಿ ಕಾಪಾಡಿದ ವಸ್ತುವಿಗೆ ಇದು ಉತ್ತರಾಧಿಕಾರಿಯೇ ಎಂದು ಮನಸ್ಸಿಗೆ ಸ್ವಲ್ಪ ಕಸಿವಿಸಿಯೂ ಆಯಿತೆನ್ನಬೇಕು.

ನೀರಿನೊಳಗೆ ಇದರ ಅಗತ್ಯವೇನೆಂಬುದನ್ನು ಓದುಗರಿಗೆ ಎರಡು ಮಾತಿನಲ್ಲಿ ಹೇಳುತ್ತೇನೆ. ಇಂದು ಆಟೋರಿಕ್ಷಾ ಓಡಿಸುವವರೂ ಉಪಗ್ರಹದಿಂದ ದಾರಿ ಕೇಳುತ್ತಾರೆ. ಆದರೆ ಉಪಗ್ರಹದ ಆ ರೇಡಿಯೋ ಅಲೆಗಳು ಸಮುದ್ರದ ನೀರಿನಲ್ಲಿ ಕೆಲವು ಅಂಗುಲಗಳೂ ಇಳಿಯಲಾರವು. ಮುಳುಗಿದ ಕ್ಷಣದಿಂದ ಜಲಾಂತರ್ಗಾಮಿ ಕುರುಡು. ಯಾವ ದಿಕ್ಕಿಗೆ, ಎಷ್ಟು ವೇಗದಲ್ಲಿ, ಎಷ್ಟು ಹೊತ್ತು ಹೋದೆನೆಂಬ ಲೆಕ್ಕವೊಂದೇ ಅದಕ್ಕೆ ಗತಿ. ವೇಗ ಮತ್ತು ಹೊತ್ತನ್ನು ಹೇಗೋ ಅಂದಾಜು ಮಾಡಬಹುದು. ದಿಕ್ಕು ಕೆಟ್ಟರೆ ಉಳಿದೆಲ್ಲವೂ ಕೆಟ್ಟಂತೆ. ದೊಡ್ಡ ನೌಕಾಪಡೆಗಳ ಬಳಿ ಭಾರಿ ಬೆಲೆಯ ಗೈರೊ ಯಂತ್ರಗಳಿವೆ. ಮನೆಯಂಗಳದಲ್ಲಿ ಕಟ್ಟುವವನಿಗೆ ಭೂಮಿಯ ಅಯಸ್ಕಾಂತವೇ ದಿಕ್ಕು.

ಅಂಗಳದಲ್ಲಿ ಕಟ್ಟುವ ಈ ಹವ್ಯಾಸ ನಿನ್ನೆ ಮೊನ್ನೆಯದಲ್ಲ. ಅಮೆರಿಕದ ಕನೆಕ್ಟಿಕಟ್ ಪ್ರಾಂತದಲ್ಲಿ ಡೇವಿಡ್ ಬುಶ್‌ನೆಲ್ ಎಂಬಾತನು 1775ರಲ್ಲಿ, ಯೇಲ್ ವಿದ್ಯಾಲಯದಿಂದ ಹೊರಬಂದ ವರ್ಷವೇ, ಓಕ್ ಮರದ ಹಲಗೆಗಳಿಂದ ಒಬ್ಬನೇ ಕುಳಿತು ಕೈಯಿಂದ ನಡೆಸುವ ‘ಟರ್ಟಲ್’ ಎಂಬ ಜಲಾಂತರ್ಗಾಮಿಯನ್ನು ಕಟ್ಟಿದನು. ಒಳಗೆ ದಿಕ್ಸೂಚಿಯೇನೋ ಇತ್ತು, ಆದರೆ ಕತ್ತಲೆಯಲ್ಲಿ ಅದನ್ನು ನೋಡುವುದು ಹೇಗೆ? ಮೇಣದಬತ್ತಿ ಹಚ್ಚಿದರೆ ಉಸಿರಾಡುವ ಗಾಳಿಯನ್ನು ಅದು ತಿಂದುಬಿಡುತ್ತದೆ. ಕೊಳೆತ ಮರದಲ್ಲಿ ಬೆಳೆದು ರಾತ್ರಿ ಮಿನುಗುವ ಶಿಲೀಂಧ್ರದ ಚೂರುಗಳನ್ನು ಆತನು ದಿಕ್ಸೂಚಿಗೆ ಅಳವಡಿಸಿದನು. ನಮ್ಮ ಕಾಸರಗೋಡು ಜಿಲ್ಲೆಯ ರಾಣಿಪುರದ ಕಾಡಿನಲ್ಲಿಯೂ ರಾತ್ರಿ ಬೆಳಗುವ ಅಣಬೆ ಇದೆಯೆಂದು 2024ರಲ್ಲಿ ಪತ್ರಿಕೆಗಳಲ್ಲಿ ಬಂದಾಗ ನನಗೆ ಮೊದಲು ನೆನಪಾದುದು ಈ ಬುಶ್‌ನೆಲ್ಲನೇ. ಪಾಪ, ಆತನ ಬೆಳಕು ಚಳಿಗಾಲದ ಹಿಮಕ್ಕೆ ನಂದಿಹೋಯಿತು. ಗಾಳಿಯನ್ನು ಕೆಡಿಸದೆ ಬೆಳಗುವ ಬೇರೆ ವಸ್ತುವೇನಾದರೂ ಬೆಂಜಮಿನ್ ಫ್ರಾಂಕ್ಲಿನ್ನರಿಗೆ ಗೊತ್ತಿದೆಯೇ ಎಂದು ಆತನ ಪರವಾಗಿ ವಿಚಾರಿಸಿ ಪತ್ರ ಬರೆದರಂತೆ. 1776ರ ಸೆಪ್ಟೆಂಬರಿನ ಒಂದು ರಾತ್ರಿ ಎಜ್ರಾ ಲೀ ಎಂಬ ಸೈನಿಕನು ಆ ‘ಟರ್ಟಲ್’ನಲ್ಲಿ ಕುಳಿತು, ನ್ಯೂಯಾರ್ಕ್ ಬಂದರಿನಲ್ಲಿ ನಿಂತಿದ್ದ ‘ಈಗಲ್’ ಎಂಬ ಬ್ರಿಟಿಷ್ ಯುದ್ಧನೌಕೆಯ ಅಡಿಗೆ ಹೋದನು, ಕೆಲಸ ಕೈಗೂಡಲಿಲ್ಲ. ಹಿಂದಿರುಗುವಾಗ ದಿಕ್ಸೂಚಿ ತನಗೆ ಉಪಯೋಗಕ್ಕೆ ಬರಲಿಲ್ಲವೆಂದೂ, ಸರಿಯಾದ ದಿಕ್ಕಿಗೆ ಹೋಗುತ್ತಿದ್ದೇನೆಯೇ ಎಂದು ನೋಡಲು ಕೆಲವು ನಿಮಿಷಗಳಿಗೊಮ್ಮೆ ಮೇಲೆ ಏಳಬೇಕಾಯಿತೆಂದೂ ಆತನೇ ಬರೆದಿಟ್ಟಿದ್ದಾನೆ. ಶತ್ರುಗಳ ಕಾವಲಿನ ಎದುರಿಗೆ ಹಾಗೆ ತಲೆಯೆತ್ತಬೇಕಾದವನ ಅವಸ್ಥೆಯನ್ನು ಹಡಗಿನಲ್ಲಿ ದಿಕ್ಕು ತಪ್ಪಿದ ಅನುಭವವುಳ್ಳವರು ಬಲ್ಲರು.

ಇನ್ನು ನೀಲಿ ಫಲಕದ ಮಾತು. ಅದರೊಳಗೆ ನಿಕ್ಕಲ್ ಮತ್ತು ಕಬ್ಬಿಣ ಬೆರೆತ ಮಿಶ್ರಲೋಹದ ಅತಿ ತೆಳುವಾದ ಪಟ್ಟಿಗಳಿವೆ. ಅಯಸ್ಕಾಂತ ಕ್ಷೇತ್ರದ ದಿಕ್ಕು ಬದಲಾದಂತೆ ಆ ಪಟ್ಟಿಗಳು ವಿದ್ಯುತ್ತಿಗೆ ಒಡ್ಡುವ ತಡೆಯೂ ಬದಲಾಗುತ್ತದೆ. ಮೂರು ಮಗ್ಗುಲಿಗೆ ಇಟ್ಟ ಮೂರು ಪಟ್ಟಿಗಳ ತಡೆಯನ್ನಳೆದು ಗಣಕವು ದಿಕ್ಕನ್ನು ಲೆಕ್ಕ ಹಾಕುತ್ತದೆ. ಲೋಹದ ಈ ಗುಣವನ್ನು 1856ರಲ್ಲಿ ಕಂಡುಹಿಡಿದವರು ಯಾರೆಂದು ಮೊಮ್ಮಗನನ್ನು ಕೇಳಿದೆ. ಅವನು ಕೈಫೋನಿನಲ್ಲಿ ಹುಡುಕಿ, “ವಿಲಿಯಂ ಥಾಮ್ಸನ್, ಆಮೇಲೆ ಲಾರ್ಡ್ ಕೆಲ್ವಿನ್ ಆದವರು” ಎಂದನು. ನಾನು ಎದ್ದು ಒಳಗೆ ಹೋಗಿ, ಹಡಗಿನ ದಿಕ್ಸೂಚಿಯ ಪೀಠದ ಹಳೆಯ ಛಾಯಾಚಿತ್ರವೊಂದನ್ನು ತಂದು ತೋರಿಸಿದೆ. ಪೀಠದ ಎಡಬಲಗಳಲ್ಲಿ ತೆಂಗಿನಕಾಯಿಯಷ್ಟು ದಪ್ಪದ ಎರಡು ಕಬ್ಬಿಣದ ಗುಂಡುಗಳಿರುತ್ತವೆ. ಹಡಗಿನ ಉಕ್ಕು ಸೂಜಿಯನ್ನು ಎಳೆಯುವ ಎಳೆತಕ್ಕೆ ಎದುರೆಳೆತ ಕೊಡುವುದಕ್ಕಾಗಿ. ಅಂಥ ದಿಕ್ಸೂಚಿಗೆ 1876ರಲ್ಲಿ ಪೇಟೆಂಟ್ ಪಡೆದವರೂ ಅದೇ ಥಾಮ್ಸನ್ನರು! ಸೂಜಿಯ ದಿಕ್ಸೂಚಿಯನ್ನು ಉಕ್ಕಿನ ಹಡಗಿನಲ್ಲಿ ಬಾಳುವಂತೆ ಮಾಡಿದವರ ತಲೆಯಲ್ಲಿಯೇ ಸೂಜಿಯಿಲ್ಲದ ದಿಕ್ಸೂಚಿಯ ಬೀಜವೂ ಹುಟ್ಟಿತ್ತೆಂದು ತಿಳಿದ ಮೇಲೆ ನನ್ನ ಕಸಿವಿಸಿ ಕಡಿಮೆಯಾಯಿತು. ಆ ರಾತ್ರಿ ಹುಡುಗರಿಬ್ಬರಿಗೂ ನನ್ನ ವಿದ್ಯೆಯನ್ನು ಧಾರೆಯೆರೆದೆ.

ಯಾವ ದಿಕ್ಸೂಚಿಯಾದರೂ ಭೂಮಿಯೊಂದನ್ನೇ ನೋಡುವುದಿಲ್ಲ. ಸುತ್ತಮುತ್ತಲಿನ ಅಯಸ್ಕಾಂತಗಳೆಲ್ಲದರ ಮೊತ್ತವನ್ನು ನೋಡುತ್ತದೆ. ಉಕ್ಕಿನ ಹಡಗು ಕಟ್ಟೆಯ ಮೇಲೆ ಯಾವ ದಿಕ್ಕಿಗೆ ಮುಖಮಾಡಿ ಸುತ್ತಿಗೆಯ ಪೆಟ್ಟು ತಿಂದಿತೋ ಆ ದಿಕ್ಕಿನ ಅಯಸ್ಕಾಂತ ಗುಣ ಅದರ ಮೈಯಲ್ಲಿ ಉಳಿದುಬಿಡುತ್ತದೆ. ಉಕ್ಕಿನಿಂದ ಜಲಾಂತರ್ಗಾಮಿ ಕಟ್ಟುವ ಹವ್ಯಾಸಿಗಳು ದಿಕ್ಸೂಚಿಯ ಫಲಕವನ್ನು ಕವಚದ ಹೊರಗೆ, ಪ್ಲಾಸ್ಟಿಕ್ಕಿನ ಅಥವಾ ಹಿತ್ತಾಳೆಯ ಡಬ್ಬಿಯಲ್ಲಿ ಇಡುವುದು ಇದಕ್ಕಾಗಿಯೇ. ವಿದ್ಯುತ್ ತಂತಿಯೂ ಕಡಮೆಯದಲ್ಲ. ಒಂಟಿ ತಂತಿಯಲ್ಲಿ 20 ಆಂಪಿಯರ್ ಹರಿಯುತ್ತಿದ್ದರೆ, 10 ಸೆಂಟಿಮೀಟರ್ ದೂರದಲ್ಲಿ ಅದರ ಅಯಸ್ಕಾಂತ ಬಲ 40 ಮೈಕ್ರೊಟೆಸ್ಲಾ. ನಮ್ಮ ಊರಿನಲ್ಲಿ ಭೂಮಿಯ ಬಲವೂ ಹೆಚ್ಚು ಕಡಿಮೆ ಅಷ್ಟೇ. ಹೋಗುವ ತಂತಿ, ಬರುವ ತಂತಿಗಳನ್ನು ಜಡೆಯಂತೆ ಹೆಣೆದರೆ ಒಂದು ಇನ್ನೊಂದನ್ನು ಅಳಿಸುತ್ತದೆ. ಹುಡುಗರು ಕೂಡಲೆ ತಂತಿಗಳನ್ನು ಹೆಣೆದರು.

ನಮ್ಮ ಊರಿಗೆ ಒಂದು ಅನುಕೂಲವಿದೆಯೆಂಬುದನ್ನೂ ಹೇಳಿದೆ. ಭೂಮಿಯ ಅಯಸ್ಕಾಂತ ಬಲದ ಗೆರೆಗಳು ಉತ್ತರ ಯುರೋಪಿನಲ್ಲಿ ಎಪ್ಪತ್ತು ಡಿಗ್ರಿಯಷ್ಟು ಕಡಿದಾಗಿ ನೆಲಕ್ಕಿಳಿಯುತ್ತವೆ. ಅಲ್ಲಿ ದೋಣಿ ಒಂದು ಡಿಗ್ರಿ ವಾಲಿದರೆ, ವಾಲುವಿಕೆಯನ್ನು ಲೆಕ್ಕಕ್ಕೆ ಹಿಡಿಯದ ಫಲಕವು ಎರಡು ಮುಕ್ಕಾಲು ಡಿಗ್ರಿಯವರೆಗೆ ದಿಕ್ಕು ತಪ್ಪೀತು. ನಾವು ಅಯಸ್ಕಾಂತದ ವಿಷುವದ್ರೇಖೆಗೆ ಹತ್ತಿರದವರು. ನಮ್ಮಲ್ಲಿ ಗೆರೆಗಳು ಬಹುಮಟ್ಟಿಗೆ ಮಲಗಿಯೇ ಇರುತ್ತವೆ. ದೋಣಿ ಕೊಂಚ ಓಲಾಡಿದರೂ ಭಯವಿಲ್ಲ. ಹುಡುಗರು ಫಲಕವನ್ನು ಗಣಕಕ್ಕೆ ಜೋಡಿಸಿ ಸುತ್ತಲೂ ತಿರುಗಿಸಿ, ಕೊಳವೆಯೊಳಗಿನ ಲೋಹಗಳ ಪ್ರಭಾವವನ್ನು ಅಳೆದು ಕಳೆದರು. ಹಾಗೆ ತಿರುಗಿಸಿದಾಗ ಬರುವ ಅಂಕಿಗಳನ್ನು ಕಾಗದದ ಮೇಲೆ ಗುರುತಿಸಿದರೆ ಒಂದು ವೃತ್ತವಾಗಬೇಕು. ವೃತ್ತದ ನಡುಬಿಂದು ಎಷ್ಟು ಜರುಗಿದೆಯೋ ಅಷ್ಟು ನಮ್ಮದೇ ಕಬ್ಬಿಣದ ಕಾಟ. ಪ್ರೋಗ್ರಾಮನ್ನು ಬರೆದವನು ಪಯ್ಯನ್ನೂರಿನ ಹುಡುಗ. ಎಲ್ಲವೂ ಸರಿಯಾಗಿತ್ತು.

ಹತ್ತಿರದ ಕೆಲಸ ನಿಂತ ಮುರಕಲ್ಲಿನ ಕೋರೆಯೊಂದರಲ್ಲಿ ನೀರು ತುಂಬಿದೆ. ಗೋಡೆ ಕಡಿದಂತೆ ನೇರ. ಇಳಿದವರಿಗೆ ಹತ್ತಲು ಹಿಡಿಕೆಯಿಲ್ಲ. ಇಂಥ ಕೋರೆಗಳಲ್ಲಿ ಮಕ್ಕಳು ಮುಳುಗಿದ ಸುದ್ದಿಯನ್ನು ನಾವು ಓದುತ್ತಲೇ ಇರುತ್ತೇವೆ. ಆದ್ದರಿಂದ ಹುಡುಗರು ಅಲ್ಲಿಗೆ ಹೋಗುವಾಗ ನಾನೂ ಹೊರಟೆ. ಅಡಿಕೆ ಕೊಯ್ಯುವ ದೋಟಿಯನ್ನೂ ಹಿಡಿದುಕೊಂಡೆ. ಜಲಾಂತರ್ಗಾಮಿಯ ಬೆನ್ನಿಗೆ ನೈಲಾನ್ ಹುರಿಯಲ್ಲಿ ಒಂದು ಕೆಂಪು ಬೆಂಡು ಕಟ್ಟಲೇಬೇಕೆಂದು ಹಟ ಹಿಡಿದೆ. ಅದು ವೇಗಕ್ಕೆ ಅಡ್ಡಿಯೆಂದು ಮೊಮ್ಮಗ ಮುಖ ಸಿಂಡರಿಸಿದನು, ಆದರೂ ಕಟ್ಟಿದನು.

ಪಶ್ಚಿಮದ ಅಂಚಿನಿಂದ ಹೊರಟು, ನಾಲ್ಕಡಿ ಆಳದಲ್ಲಿ ನೇರ ಪೂರ್ವಕ್ಕೆ ಹೋಗಿ ಎದುರಿನ ಗೋಡೆಯ ಬಳಿ ಅದು ಮೇಲೇಳಬೇಕಾಗಿತ್ತು. ಮುಳುಗಿತು. ಕೆಂಪು ಬೆಂಡು ಸರಿಯತೊಡಗಿತು—ಪೂರ್ವಕ್ಕಲ್ಲ, ಈಶಾನ್ಯಕ್ಕೆ. ದಾರ ಹಿಡಿದು ಗೆರೆ ಎಳೆದಂತೆ, ಅತ್ತಿತ್ತ ಒಂದಿಷ್ಟೂ ತೂಗಾಡದೆ ಉತ್ತರದ ಗೋಡೆಯ ಕಡೆಗೆ ಹೋಗಿ, ನೀರಿಗೆ ಬಿದ್ದಿದ್ದ ಮರವೊಂದರ ಕೊಂಬೆಗಳ ನಡುವೆ ನಿಂತಿತು. ಮೊಮ್ಮಗ ಅಂಗಿ ಕಳಚಿದನು. ನಾನು ಅವನ ರಟ್ಟೆ ಹಿಡಿದ ಬಿಗಿಗೆ ಮರುದಿನ ಅಲ್ಲಿ ಕಂದು ಕಟ್ಟಿತ್ತಂತೆ. ಗೋಡೆಯ ಮೇಲಿನಿಂದ ದೋಟಿ ಚಾಚಿ ಹುರಿಯನ್ನು ಸಿಕ್ಕಿಸಿ ಎಳೆಯಲು ಒಂದು ಗಂಟೆ ಹಿಡಿಯಿತು. ಹಿಂಬದಿಯ ರೆಕ್ಕೆಯೊಂದು ಮುರಿದಿತ್ತು.

ಆಗ ನಡೆದುದು ನನಗೆ ಹಿತವಾಗಲಿಲ್ಲ. ನೋಡಲು ಬಂದ ನೆರೆಯ ಹುಡುಗರ ಎದುರಿಗೇ ಮೊಮ್ಮಗನು ಸ್ನೇಹಿತನನ್ನು ಮಲಯಾಳದಲ್ಲಿ ಬೈದನು. ಪ್ರೋಗ್ರಾಮು ತಪ್ಪಿದೆ, ಲೆಕ್ಕ ಬಾರದವನನ್ನು ನಂಬಿದ್ದು ತನ್ನ ತಪ್ಪು ಎಂದನು. ಆ ಹುಡುಗ ತಲೆ ತಗ್ಗಿಸಿ, “ನಾನು ಮೂರು ಸಲ ನೋಡಿದ್ದೆ” ಎಂದಷ್ಟು ಹೇಳಿ, ಚೀಲ ಹೆಗಲಿಗೇರಿಸಿ ರೈಲು ನಿಲ್ದಾಣದ ಕಡೆಗೆ ನಡೆದನು.

ರಾತ್ರಿ ನಿದ್ರೆ ಬರಲಿಲ್ಲ. ಕೆಂಪು ಬೆಂಡಿನ ಆ ನೇರ ಗೆರೆ ಕಣ್ಣೆದುರಿನಿಂದ ಸರಿಯಲೊಲ್ಲದು. ಚುಕ್ಕಾಣಿ ಹಿಡಿದವನು ತಪ್ಪಿದರೆ ಹಡಗು ಹಾವಿನಂತೆ ಹೋಗುತ್ತದೆ. ನೇರವಾಗಿ ಹೋಗಿ ತಪ್ಪು ದಿಕ್ಕಿಗೆ ಮುಟ್ಟಿದರೆ ಹಿಡಿದವನು ಪ್ರಾಮಾಣಿಕ. ದಿಕ್ಸೂಚಿಯ ಪಕ್ಕದಲ್ಲಿ ಏನೋ ಇದೆ.

ಬೆಳಗಾಗುತ್ತಲೇ ಮೊಮ್ಮಗನನ್ನು ಎಬ್ಬಿಸಿದೆ. ಅಂಗಳದಲ್ಲಿ ಮರದ ಮಣೆಯಿಟ್ಟು, ಅದರ ಸುತ್ತ ಸುಣ್ಣದ ಗೆರೆಗಳಿಂದ ಎಂಟು ದಿಕ್ಕುಗಳನ್ನು ಬರೆದೆವು. ನನ್ನ ಹಳೆಯ ಕೈ ದಿಕ್ಸೂಚಿಯಿಂದ ಗೆರೆಗಳನ್ನು ತಾಳೆ ನೋಡಿ ಅದನ್ನು ದೂರ ಇಟ್ಟೆವು. ಜಗಲಿಯ ಮೇಲಿದ್ದ ಮೆಟ್ಟುಗತ್ತಿಯನ್ನೂ ಒಳಗೆ ಕಳುಹಿಸಿದೆವು. ಹಡಗನ್ನು ಬಂದರಿನ ಹೊರಗೆ ಒಂದೊಂದೇ ದಿಕ್ಕಿಗೆ ತಿರುಗಿಸಿ ದಿಕ್ಸೂಚಿಯ ತಪ್ಪನ್ನು ಬರೆದುಕೊಳ್ಳುವ ಹಳೆಯ ಪದ್ಧತಿಯಿದು. “ನೀರಿಗೆ ಬಿಟ್ಟಾಗ ಹೇಗಿತ್ತೋ ಹಾಗೆಯೇ ಇರಬೇಕು, ಒಂದು ತಿರುಪೂ ಹೆಚ್ಚುಕಡಿಮೆ ಆಗಬಾರದು” ಎಂದೆ. ಅವನು ಮುಚ್ಚಳ ಬಿಗಿದು, ಕಿಸೆಯಿಂದ ಒಂದು ಬಿಲ್ಲೆ ತೆಗೆದು ಕೊಳವೆಯ ನೆತ್ತಿಗೆ ಅಂಟಿಸಿದನು. ಅದೇನೆಂದು ಕೇಳಿದೆ.

“ಸ್ವಿಚ್ಚು, ಅಜ್ಜ. ಹೊರಗೆ ಸ್ವಿಚ್ಚಿಟ್ಟರೆ ನೀರು ಒಳಗೆ ಬರುತ್ತದಲ್ಲ? ಒಳಗಿನ ಗಾಜಿನ ನಳಿಗೆಯಲ್ಲಿ ಎರಡು ಲೋಹದ ನಾಲಗೆಗಳಿವೆ. ಹೊರಗಿನಿಂದ ಈ ಅಯಸ್ಕಾಂತ ಹಿಡಿದರೆ ಅವು ಕೂಡಿಕೊಂಡು—”

ಮಾತು ಅಲ್ಲಿಗೇ ನಿಂತಿತು. ಫಲಕವನ್ನು ಪರೀಕ್ಷಿಸಿದ ದಿನ ಅದಕ್ಕೆ ವಿದ್ಯುತ್ತು ಗಣಕದಿಂದ ಬಂದಿತ್ತು. ಬಿಲ್ಲೆ ಇಡುವ ಅಗತ್ಯವಿರಲಿಲ್ಲ. ಬಿಲ್ಲೆ ಇಟ್ಟು ಒಮ್ಮೆ ನೋಡಿದ್ದನಂತೆ. ಆದರೆ ಅವನ ಮೇಜು ಉತ್ತರಕ್ಕೆ ಮುಖ ಮಾಡಿತ್ತು. ಮಣೆಯನ್ನು ತಿರುಗಿಸಿದೆವು. ಉತ್ತರಕ್ಕೆ ನಿಲ್ಲಿಸಿದರೆ ತೆರೆಯ ಮೇಲೆ ಸೊನ್ನೆ, ಸರಿ. ದಕ್ಷಿಣಕ್ಕೆ 180, ಸರಿ. ಪೂರ್ವಕ್ಕೆ 90 ಬರಬೇಕಾದಲ್ಲಿ 125. ಪಶ್ಚಿಮಕ್ಕೆ 270ರ ಬದಲು 235. ಈಶಾನ್ಯದ ಗೆರೆಯ ಮೇಲಿಟ್ಟಾಗ, ಅಂದರೆ 45ರಲ್ಲಿ, ತೆರೆ ತೋರಿಸಿದ್ದು 89. ಪೂರ್ವಕ್ಕೆ ಹೋಗೆಂದರೆ ಅದು ಈಶಾನ್ಯಕ್ಕೆ ಹೋದದ್ದು ಆಜ್ಞಾಪಾಲನೆಯೇ ಆಗಿತ್ತು. ಬಿಲ್ಲೆ ಮುಂದು-ಹಿಂದಿನ ನೇರದಲ್ಲಿ ಎಳೆಯುತ್ತಿದ್ದುದರಿಂದ ಉತ್ತರ ದಕ್ಷಿಣಗಳಲ್ಲಿ ದಿಕ್ಕು ಕೆಡಲಿಲ್ಲ, ಬಲ ಮಾತ್ರ ಹೆಚ್ಚುಕಡಿಮೆಯಾಯಿತು. ಮೇಜು ಪೂರ್ವಕ್ಕಿದ್ದಿದ್ದರೆ ಅಂದೇ ಗೊತ್ತಾಗುತ್ತಿತ್ತು.

ಮೊಮ್ಮಗ ಬಿಲ್ಲೆಯನ್ನು ಕಿತ್ತು ಕಿಸೆಗೆ ಹಾಕಿಕೊಂಡನು. “ಇದನ್ನು ಬೇರೆ ಮಾಡಿದರಾಯಿತು. ಅವನಿಗೆ ಪ್ರೋಗ್ರಾಮು ಸರಿಹೋಯಿತೆಂದು ಹೇಳಿದರೆ ಸಾಕು” ಎಂದನು.

ಅವನು ಕಿಸೆಗೆ ಕೈ ಹಾಕಿದ ರೀತಿ ನನಗೆ ಗುರುತಿನದು. ಅಂಗಳದ ಕಟ್ಟೆಯ ಮೇಲೆ ಅವನನ್ನು ಕೂರಿಸಿ, ನಾನು ಯಾರಿಗೂ, ಅವನ ಅಜ್ಜಿಗೂ, ಹೇಳದೆ ಉಳಿಸಿಕೊಂಡಿದ್ದ ಸಂಗತಿಯನ್ನು ಹೇಳಿದೆ.

1979ರ ಸೆಪ್ಟೆಂಬರ್ 4. ನಾನು ಮೂರನೆಯ ಅಧಿಕಾರಿ. ರಾತ್ರಿ ಎಂಟರಿಂದ ಹನ್ನೆರಡರ ಪಹರೆ ನನ್ನದು. ಹಡಗು ಕೊಲಂಬೊ ಬಿಟ್ಟು ಮಿನಿಕಾಯ್ ದ್ವೀಪದ ಉತ್ತರದಿಂದ ಹಾಯ್ದು ಪಶ್ಚಿಮಕ್ಕೆ ಹೋಗಬೇಕಾಗಿತ್ತು. ಗೈರೊ ದಿಕ್ಸೂಚಿ ಹಿಂದಿನ ದಿನವೇ ಕೆಟ್ಟು, ಅಯಸ್ಕಾಂತದ ದಿಕ್ಸೂಚಿಯನ್ನೇ ನೋಡಿ ಹಡಗು ನಡೆಸುತ್ತಿದ್ದೆವು. ಮೋಡ ಕವಿದು ನಕ್ಷತ್ರವೊಂದೂ ಕಾಣುತ್ತಿರಲಿಲ್ಲ. ಅಂದು ಲಂಡನ್ನಿನ ಓವಲ್ ಮೈದಾನದಲ್ಲಿ ಟೆಸ್ಟ್ ಪಂದ್ಯದ ಕೊನೆಯ ದಿನ. ಗೆಲ್ಲಲು 438 ಬೇಕಾಗಿದ್ದಲ್ಲಿ ಗಾವಸ್ಕರ್ ಆಡುತ್ತಲೇ ಇದ್ದರು. ಪಹರೆಯ ಹೊತ್ತಿನಲ್ಲಿ ರೇಡಿಯೋ ಕೇಳುವುದು ನಿಷಿದ್ಧ. ಹತ್ತು ಗಂಟೆಗೆ ನಾನು ಕೋಣೆಯಿಂದ ನನ್ನ ಟ್ರಾನ್ಸಿಸ್ಟರ್ ತಂದು, ಸದ್ದು ತಗ್ಗಿಸಿ, ದಿಕ್ಸೂಚಿಯ ಪೀಠದ ಮಗ್ಗುಲಿನ ಅಡ್ಡಹಲಗೆಯ ಮೇಲಿಟ್ಟೆ. ಗಾವಸ್ಕರ್ 221ಕ್ಕೆ ಔಟಾದರು. ಭಾರತ 8 ವಿಕೆಟ್ಟಿಗೆ 429. ಒಂಬತ್ತು ರನ್ನು ಉಳಿದಂತೆ ಪಂದ್ಯ ಮುಗಿಯಿತು. ರೇಡಿಯೋ ಆರಿಸಿದೆ, ಅದನ್ನು ಅಲ್ಲಿಂದ ತೆಗೆಯಲಿಲ್ಲ. ಆರಿಸಿದ ರೇಡಿಯೋದ ಧ್ವನಿವರ್ಧಕದಲ್ಲಿಯೂ ಅಯಸ್ಕಾಂತ ಇರುತ್ತದೆಂಬುದನ್ನು ಪರೀಕ್ಷೆಗೆ ಓದಿದ್ದವನು ನಾನು.

ಹನ್ನೆರಡಕ್ಕೆ ಪಹರೆ ಬದಲಿಸಲು ಬಂದ ಎರಡನೆಯ ಅಧಿಕಾರಿಯು ಮಿನಿಕಾಯ್ ದೀಪಸ್ತಂಭದ ಬೆಳಕು ಎಡಗಡೆ ದೂರದಲ್ಲಿ ಕಾಣಬೇಕಾದದ್ದು ಹೆಚ್ಚುಕಡಿಮೆ ಎದುರಿಗೇ ಕಾಣುವುದನ್ನು ನೋಡಿ ಕೂಗಿದರು. ಆ ಬೆಳಕಿನ ಸುತ್ತ ಹವಳದ ಬಂಡೆಗಳಿವೆ. ಕಪ್ತಾನರು ಓಡಿಬಂದು ಹಡಗನ್ನು ಬಲಕ್ಕೆ ತಿರುಗಿಸಿದರು. ಎರಡು ಗಂಟೆಯಲ್ಲಿ 24 ಮೈಲು. ದಾರಿ ತಪ್ಪಿದ್ದು ಐದು ಮೈಲು. ಅಂದರೆ ಹನ್ನೆರಡು ಡಿಗ್ರಿ. ಗಲಿಬಿಲಿಯಲ್ಲಿ ನಾನು ಟ್ರಾನ್ಸಿಸ್ಟರನ್ನು ಎತ್ತಿ ಕೋಟಿನ ಕಿಸೆಗೆ ಸೇರಿಸಿದೆ. ದಿಕ್ಸೂಚಿಯನ್ನು ಪರೀಕ್ಷಿಸಿದರು, ಅದು ಸರಿಯಾಗಿತ್ತು. ಉಳಿದವನು ಹತ್ತರಿಂದ ಹನ್ನೆರಡರವರೆಗೆ ಚುಕ್ಕಾಣಿ ಹಿಡಿದವನು—ರತ್ನಾಗಿರಿಯ ಕಡೆಯವನು, ನನ್ನ ತಂದೆಯ ವಯಸ್ಸಿನವನು. “ಸಾಬ್, ನಾನು 285ರ ಮೇಲೆಯೇ ಹಿಡಿದಿದ್ದೆ” ಎಂದು ಅವನು ಕಪ್ತಾನರಿಗೆ ಹೇಳಿದನು. ಹೇಳಿ ನನ್ನ ಕಡೆಗೆ ನೋಡಿದನು. ರೇಡಿಯೋವನ್ನು ಅವನು ಕಂಡಿದ್ದನು. ಅಂಕಿ ಎಷ್ಟಾಯಿತೆಂದು ನಡುವೆ ಕೇಳಿಯೂ ಇದ್ದನು. ಅದು ದಿಕ್ಸೂಚಿಯನ್ನು ಕೆಡಿಸಿತೆಂಬುದು ಅವನಿಗೆ ಗೊತ್ತಿತ್ತೋ ಇಲ್ಲವೋ, ಅದರ ಮಾತೆತ್ತಲಿಲ್ಲ. ನಾನೂ ಎತ್ತಲಿಲ್ಲ. ದಿನಚರಿಯ ಪುಸ್ತಕದಲ್ಲಿ ಚುಕ್ಕಾಣಿಯವನ ಅಲಕ್ಷ್ಯವೆಂದು ದಾಖಲಾಯಿತು. ಮುಂದಿನ ಬಂದರಿನಲ್ಲಿ ಅವನನ್ನು ಇಳಿಸಿದರು. ಏಣಿಯಿಳಿಯುವಾಗ ಅವನು ನನಗೆ ಸಲಾಮು ಮಾಡಿದನು.

ಆಮೇಲೆ ನಾನು ಎರಡನೆಯ ಅಧಿಕಾರಿಯಾದೆ, ಮೊದಲನೆಯವನಾದೆ. ಅವನ ಊರು ನನಗೆ ಗೊತ್ತಿತ್ತು. ಅವನ ಹೆಸರಿಗೆ ಒಂದು ಕಾಗದವನ್ನೂ ಬರೆಯಲಿಲ್ಲ.

ಮೊಮ್ಮಗ ಬಹಳ ಹೊತ್ತು ಏನೂ ಹೇಳದೆ ಸುಣ್ಣದ ಗೆರೆಗಳನ್ನು ನೋಡುತ್ತ ಕುಳಿತನು. ಅನಂತರ ಎದ್ದು ತೋಟದ ಕಡೆಗೆ ಹೋದನು. ಅವನು ಫೋನಿನಲ್ಲಿ ಮಾತನಾಡಿದ್ದು ನನಗೆ ಕೇಳಿಸಲಿಲ್ಲ. ಮಾತು ಕಾಲು ಗಂಟೆಯವರೆಗೂ ನಡೆಯಿತು.

ಮುಂದಿನ ಭಾನುವಾರ ಪಯ್ಯನ್ನೂರಿನ ಹುಡುಗ ಬಂದನು. ಅವನು ಬಂದ ಮೇಲೆಯೇ ಮೊಮ್ಮಗ ಗಾಜಿನ ನಳಿಗೆಯನ್ನು ತೆಗೆದು, ಅದರ ಜಾಗದಲ್ಲಿ ರಬ್ಬರಿನ ಬಳೆ ತೊಡಿಸಿದ ಹಿತ್ತಾಳೆಯ ತಿರುಪೊಂದನ್ನು ಕೂರಿಸಿದನು. ತಿರುಪು ಬಿಗಿದರೆ ಒಳಗೆ ವಿದ್ಯುತ್ತು ಕೂಡಿಕೊಳ್ಳುತ್ತದೆ. ಬಿಲ್ಲೆಯನ್ನು ಅಲ್ಲಿಯೇ ಬಿಟ್ಟು, ಅದರ ಎಳೆತವನ್ನೂ ಲೆಕ್ಕದಲ್ಲಿ ಕಳೆಯಬಹುದಲ್ಲವೇ ಎಂದು ಆ ಹುಡುಗ ಕೇಳಿದ್ದನು. ಕೈಯಿಂದ ಇಡುವ ವಸ್ತು ಪ್ರತಿಸಲವೂ ಕೂದಲೆಳೆಯಷ್ಟು ಆಚೀಚೆ ಕೂರುತ್ತದೆ, ಬೇಡವೆಂದೆ. ಮತ್ತೆ ಮಣೆಯ ಮೇಲೆ ಎಂಟು ದಿಕ್ಕಿಗೂ ತಿರುಗಿಸಿ, ಕ್ಯಾಲೆಂಡರಿನ ಬೆನ್ನಿಗೆ ಹೊಸ ಪಟ್ಟಿ ಬರೆದೆವು. ಎಲ್ಲಿಯೂ ತಪ್ಪು ಎರಡು ಡಿಗ್ರಿಯನ್ನು ದಾಟಲಿಲ್ಲ. ಗೋಡೆಯ ಮೇಲೆ ಹಿಂದಿನ ಪಟ್ಟಿಯೂ ಹಾಗೆಯೇ ಇತ್ತು. ಪೂರ್ವದ ಎದುರಿಗೆ 125 ಎಂದು ಬರೆದಿದ್ದುದನ್ನು ಕಂಡು ಆ ಹುಡುಗ, ಇದು ಯಾರ ಲೆಕ್ಕವೆಂದು ಕೇಳಿದನು.

“ಅದು ನನ್ನದು” ಎಂದನು ಮೊಮ್ಮಗ.

ಸಂಜೆ ಮೂವರೂ ಕೋರೆಗೆ ಹೋದೆವು. ದೋಟಿಯನ್ನು ಈ ಸಲ ಅವನೇ ಹೊತ್ತುಕೊಂಡನು.